28 ಕೋರ್‌ಗೆ ಹೆಚ್ಚು ಬೆಲೆ, 64 ಕೋರ್‌ಗೆ ಕಡಿಮೆ: ಯಾವ ಸರ್ವರ್ ಕೊಳ್ಳಬೇಕು?

ಪ್ರಶ್ನೆ: ನಮ್ಮದೊಂದು ಎಂಜಿನಿಯರಿಂಗ್ ಕಾಲೇಜು. ಬಳಸಿದ ಸರ್ವರ್ ಮಾರುವವರಿಂದ ಎರಡು ಕೊಟೇಶನ್ ಬಂದಿವೆ, ಬೆಲೆ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಇಂಟೆಲ್ ಝಿಯಾನ್ ಪ್ಲಾಟಿನಂ 8280 ಎರಡಿವೆ, ಇನ್ನೊಂದರಲ್ಲಿ ಎಎಂಡಿ ಎಪಿಕ್ 7742 ಒಂದೇ ಇದೆ. ಹೊಸದಾಗಿ ಬಂದಾಗ 28 ಕೋರ್‌ನ ಝಿಯಾನ್‌ಗೆ 64 ಕೋರ್‌ನ ಎಪಿಕ್‌ಗಿಂತ ಹೆಚ್ಚು ಬೆಲೆ ಇತ್ತಂತೆ. ಅದು ಹೇಗೆ? ವಿದ್ಯಾರ್ಥಿಗಳ ಲ್ಯಾಬ್, ಫೀಸು ಮತ್ತು ಪರೀಕ್ಷೆಯ ಸಾಫ್ಟ್‌ವೇರ್, ಮೆಕ್ಯಾನಿಕಲ್ ವಿಭಾಗದವರ ಸಿಮ್ಯುಲೇಶನ್ ಎಲ್ಲವೂ ಒಂದರಲ್ಲೇ ಓಡಬೇಕು. ನಾವು ಯಾವುದನ್ನು ತೆಗೆದುಕೊಳ್ಳಬೇಕು?
(ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ನೀವು ಬರೆದಿರುವ ಮೂರು ಕೆಲಸಗಳಲ್ಲಿ ಲ್ಯಾಬಿಗೆ ಎಪಿಕ್ ಸರಿ, ಸಿಮ್ಯುಲೇಶನ್ನಿಗೆ ಝಿಯಾನ್ ಜೋಡಿ ಸರಿ. ಫೀಸಿನ ಸಾಫ್ಟ್‌ವೇರ್ ಇವೆರಡರ ಮೇಲೂ ಇರಬಾರದು. ಇಷ್ಟು ಹೇಳಿ ಮುಗಿಸಿದರೆ ನಿಮಗೆ ಉಪಯೋಗವಾಗದು. ಯಾಕೆ ಹೀಗೆ ಎಂದು ತಿಳಿದರೆ ಮುಂದಿನ ಕೊಟೇಶನ್ ಬಂದಾಗ ನೀವೇ ಲೆಕ್ಕ ಹಾಕಿಕೊಳ್ಳಬಹುದು.

ಮೊದಲು ಬೆಲೆಯ ಪ್ರಶ್ನೆ. ಝಿಯಾನ್ 8280 ಬಂದದ್ದು 2019ರ ಏಪ್ರಿಲ್‌ನಲ್ಲಿ, ಪಟ್ಟಿಯ ಬೆಲೆ 10,009 ಡಾಲರ್. ಆಗಿನ ದರದಲ್ಲಿ ಏಳು ಲಕ್ಷ ರೂಪಾಯಿ ಆಸುಪಾಸು, ಅದೂ ಬರೀ ಪ್ರೊಸೆಸರ್‌ಗೆ. ನಾಲ್ಕು ತಿಂಗಳಿಗೆ, ಅದೇ ವರ್ಷದ ಆಗಸ್ಟ್‌ನಲ್ಲಿ, ಎಎಂಡಿ ತನ್ನ ಎರಡನೇ ತಲೆಮಾರಿನ ಎಪಿಕ್ ತಂದಿತು. ಅದರ ಮೇಲಿನ ಮಾದರಿಯೇ ನಿಮ್ಮ 7742. ಬೆಲೆ 6,950 ಡಾಲರ್, ಐದು ಲಕ್ಷಕ್ಕೆ ತುಸು ಕಡಿಮೆ.

ತಯಾರಿಸುವ ಖರ್ಚು ಈ ಅಂತರದ ಒಂದು ಕಾರಣ. 8280 ಒಂದೇ ದೊಡ್ಡ ಸಿಲಿಕಾನ್ ತುಂಡು, ಸುಮಾರು 700 ಚದರ ಮಿಲಿಮೀಟರ್, ಇಂಟೆಲ್‌ನ 14 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ಮಾಡಿದ್ದು. 7742 ಒಳಗೆ ಒಂಬತ್ತು ತುಂಡುಗಳಿವೆ. ಎಂಟೆಂಟು ಕೋರ್‌ಗಳಿರುವ ಎಂಟು ಚಿಕ್ಕ ತುಂಡುಗಳನ್ನು ತೈವಾನಿನ ಟಿಎಸ್‌ಎಂಸಿ 7 ನ್ಯಾನೋಮೀಟರ್‌ನಲ್ಲಿ ಮಾಡಿಕೊಟ್ಟಿದೆ, ಒಂದೊಂದೂ 74 ಚದರ ಮಿಲಿಮೀಟರ್. ಇವುಗಳ ನಡುವೆ ಮೆಮೊರಿ ಮತ್ತು ಹೊರಗಿನ ಸಂಪರ್ಕ ನೋಡಿಕೊಳ್ಳುವ ಒಂದು ದೊಡ್ಡ ತುಂಡು ಇದೆ, ಅದಕ್ಕೆ ಗ್ಲೋಬಲ್‌ಫೌಂಡ್ರೀಸ್‌ನ ಹಳೆಯ, ಅಗ್ಗದ 14 ನ್ಯಾನೋಮೀಟರ್ ಸಾಕಾಯಿತು. ಥಾನು ಬಟ್ಟೆಯಲ್ಲಿ ಅಲ್ಲಲ್ಲಿ ತೂತುಗಳಿದ್ದರೆ ಪಂಚೆ ಕತ್ತರಿಸುವವನಿಗಿಂತ ಕರವಸ್ತ್ರ ಕತ್ತರಿಸುವವನಿಗೆ ನಷ್ಟ ಕಡಿಮೆ. ಸಿಲಿಕಾನ್ ಬಿಲ್ಲೆಯಲ್ಲೂ ದೋಷಗಳು ಅಲ್ಲಲ್ಲಿ ಇದ್ದೇ ಇರುತ್ತವೆ. ದೊಡ್ಡ ತುಂಡು ಕತ್ತರಿಸಿದಷ್ಟೂ ಅದರೊಳಗೆ ಒಂದಾದರೂ ದೋಷ ಸಿಕ್ಕಿಬೀಳುವ ಸಾಧ್ಯತೆ ಏರುತ್ತದೆ.

ಆದರೆ ನನ್ನ ಅಭಿಪ್ರಾಯದಲ್ಲಿ ದೊಡ್ಡ ಕಾರಣ ಬೇರೆಯದು. 2017ರಲ್ಲಿ ಬಂದ 8180ಕ್ಕೂ 28 ಕೋರ್, ಬೆಲೆಯೂ ಅದೇ 10,009 ಡಾಲರ್. ಅಷ್ಟು ಕೇಳಲು ಸಾಧ್ಯವಾದದ್ದು ಸರ್ವರ್ ಮಾರುಕಟ್ಟೆಯ ಬಹುಪಾಲು ಇಂಟೆಲ್ ಕೈಯಲ್ಲಿದ್ದದ್ದರಿಂದ. ಎಪಿಕ್ ಬಂದ ಆರು ತಿಂಗಳಿಗೆ, 2020ರ ಫೆಬ್ರವರಿಯಲ್ಲಿ, ಇಂಟೆಲ್ ಝಿಯಾನ್ ಗೋಲ್ಡ್ 6258ಆರ್ ಎಂಬ ಮಾದರಿ ತಂದಿತು. 28 ಕೋರ್, 2.7 ಗಿಗಾಹರ್ಟ್ಜ್ ಮೂಲ ವೇಗ, 4.0 ಗಿಗಾಹರ್ಟ್ಜ್ ಗರಿಷ್ಠ ವೇಗ, 38.5 ಎಂಬಿ ಎಲ್3 ಕ್ಯಾಶ್, 205 ವಾಟ್. 8280ರ ಪಕ್ಕದಲ್ಲಿಟ್ಟರೆ ಈ ಅಂಕಿಗಳಲ್ಲಿ ಒಂದೂ ಬೇರೆಯಲ್ಲ. ಬೆಲೆ ಮಾತ್ರ 3,950 ಡಾಲರ್. ಎರಡಕ್ಕಿಂತ ಹೆಚ್ಚು ಸಾಕೆಟ್‌ನ ಸರ್ವರ್‌ಗೆ ಹಾಕಲು ಬರುವುದಿಲ್ಲ ಎನ್ನುವುದು ಮುಖ್ಯ ವ್ಯತ್ಯಾಸ, ಎರಡು ಸಾಕೆಟ್ ಇಟ್ಟುಕೊಳ್ಳುವವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಹತ್ತು ಸಾವಿರ ಡಾಲರ್‌ನ ವಸ್ತು ಒಂದೇ ವರ್ಷದೊಳಗೆ ಬೇರೆ ಹೆಸರಲ್ಲಿ ನಾಲ್ಕು ಸಾವಿರದೊಳಗೆ ಸಿಕ್ಕಿತು. ಪ್ರತಿಸ್ಪರ್ಧಿ ಬರುವ ಮುಂಚೆ ಕೊಂಡವರು ಉಳಿದ ಆರು ಸಾವಿರವನ್ನು ಯಾವುದಕ್ಕೆ ಕೊಟ್ಟರು ಎನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಮೆಮೊರಿಯ ವಿಷಯದಲ್ಲೂ ಹೀಗೇ ನಡೆದಿತ್ತು. ಸಾದಾ 8280ಕ್ಕೆ ಒಂದು ಟೆರಾಬೈಟ್ ಮೆಮೊರಿಯ ಮಿತಿ ಹಾಕಿದ್ದರು. ಅದೇ ಪ್ರೊಸೆಸರ್‌ಗೆ 4.5 ಟೆರಾಬೈಟ್‌ವರೆಗೆ ಹಾಕುವ ಅವಕಾಶ ಬೇಕೆಂದರೆ 8280ಎಲ್ ಕೊಳ್ಳಬೇಕಿತ್ತು, ಅದಕ್ಕೆ 17,906 ಡಾಲರ್. ಎಎಂಡಿ ತನ್ನ ಸರಣಿಯ ಎಲ್ಲ ಮಾದರಿಗೂ, ಅಗ್ಗದ್ದಕ್ಕೂ, ನಾಲ್ಕು ಟೆರಾಬೈಟ್ ಬಿಟ್ಟಿತು. ಇದು ನನಗೆ ತುಂಬ ಮೆಚ್ಚುಗೆಯಾದ ನಡೆ. ಒಳಗೆ ಇರುವ ಸಾಮರ್ಥ್ಯವನ್ನು ಬೀಗ ಹಾಕಿ ಮತ್ತೆ ಮಾರುವ ಅಭ್ಯಾಸಕ್ಕೆ ಅದು ಪೆಟ್ಟು ಕೊಟ್ಟಿತು.

ಈಗ ನಿಮ್ಮ ಎರಡು ಕೊಟೇಶನ್‌ಗೆ ಬರೋಣ. ಒಂದು 8280ಕ್ಕೆ ಒಂದು 7742 ಹೋಲಿಸಿದರೆ ನಿಮಗೆ ಪ್ರಯೋಜನವಿಲ್ಲ, ನಿಮ್ಮ ಮುಂದಿರುವುದು ಎರಡಕ್ಕೆ ಒಂದು. ಸ್ಪೆಕ್ ಸಂಸ್ಥೆಯ ಪೂರ್ಣಾಂಕ ಲೆಕ್ಕಾಚಾರದ ಪರೀಕ್ಷೆಯಲ್ಲಿ, ಎಲ್ಲ ಕೋರ್‌ಗಳನ್ನೂ ಒಟ್ಟಿಗೆ ದುಡಿಸಿದಾಗ, 7742 ಜೋಡಿ 8280 ಜೋಡಿಯ ಸರಿಸುಮಾರು ಎರಡರಷ್ಟು ಅಂಕ ಪಡೆಯುತ್ತದೆ. ಅಂದರೆ ನಿಮ್ಮ ಒಂದು ಎಪಿಕ್, ಎರಡು ಝಿಯಾನ್‌ಗಳಿಗೆ ಸಾಮಾನ್ಯ ಕೆಲಸದಲ್ಲಿ ಸರಿಸಾಟಿ. ಕೋರ್ ಲೆಕ್ಕವೂ ಹತ್ತಿರವೇ: ಒಂದು ಕಡೆ 56, ಇನ್ನೊಂದು ಕಡೆ 64. ಇಲ್ಲಿಗೆ ನಿಲ್ಲಿಸಿದರೆ ಎರಡೂ ಒಂದೇ ಅನ್ನಿಸುತ್ತದೆ. ಒಳಗೆ ಹೋದಂತೆ ದಾರಿಗಳು ಕವಲೊಡೆಯುತ್ತವೆ.

ಕರೆಂಟಿನಿಂದ ಶುರು ಮಾಡುತ್ತೇನೆ, ಏಕೆಂದರೆ ಬಳಸಿದ ಸರ್ವರ್ ಕೊಳ್ಳುವವರು ಇದನ್ನೇ ಮರೆಯುತ್ತಾರೆ. ಝಿಯಾನ್ ಜೋಡಿಗೆ 410 ವಾಟ್, ಎಪಿಕ್‌ಗೆ 225. ಇವು ಕಂಪನಿಗಳು ಹೇಳುವ ಶಾಖದ ಅಂಕಿಗಳು, ಮೀಟರಿನ ಓದುವಿಕೆ ಇಷ್ಟೇ ಇರಬೇಕೆಂದಿಲ್ಲ, ಆದರೆ ಅಂತರದ ಅಂದಾಜಿಗೆ ಸಾಕು. 185 ವಾಟ್ ವರ್ಷಪೂರ್ತಿ ಓಡಿದರೆ 1,620 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 13,000 ರೂಪಾಯಿ, ಐದು ವರ್ಷಕ್ಕೆ 65,000. ಆ ಶಾಖವನ್ನು ಕೋಣೆಯಿಂದ ಹೊರಹಾಕುವ ಎಸಿಯ ಖರ್ಚು ಬೇರೆ, ಯುಪಿಎಸ್ ಬ್ಯಾಟರಿಯ ಮೇಲಿನ ಭಾರ ಬೇರೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುವ ಕಾಲೇಜಿಗೆ ಕೊನೆಯದು ಚಿಕ್ಕ ವಿಷಯವಲ್ಲ.

ಇನ್ನು ಲ್ಯಾಬ್. ಅರವತ್ತು ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಒಬ್ಬೊಬ್ಬರು ಒಂದೊಂದು ಚಿಕ್ಕ ವರ್ಚುವಲ್ ಮಷಿನ್ ತೆರೆಯುತ್ತಾರೆ. ಪ್ರತಿಯೊಂದೂ ಸ್ವಲ್ಪ ಹೊತ್ತು ದುಡಿದು ಹೆಚ್ಚು ಹೊತ್ತು ಸುಮ್ಮನಿರುತ್ತದೆ. ಇಲ್ಲಿ ಬೇಕಾದದ್ದು ಕೋರ್‌ಗಳ ಸಂಖ್ಯೆ ಮತ್ತು ವೇಗದ ಡಿಸ್ಕ್. ಎಪಿಕ್ 7742ಕ್ಕೆ ಪಿಸಿಐಇ ನಾಲ್ಕನೇ ತಲೆಮಾರಿನ 128 ಲೇನ್‌ಗಳಿವೆ. 8280ಕ್ಕೆ ಮೂರನೇ ತಲೆಮಾರಿನ 48 ಲೇನ್, ಜೋಡಿಯಾದರೆ 96. ಒಂದು ಎನ್‌ವಿಎಂಇ ಡಿಸ್ಕ್‌ಗೆ ನಾಲ್ಕು ಲೇನ್ ಬೇಕು. ಮೂರನೇ ತಲೆಮಾರಿನಲ್ಲಿ ನಾಲ್ಕು ಲೇನ್ ಎಂದರೆ ಸೆಕೆಂಡಿಗೆ ಸುಮಾರು 4 ಗಿಗಾಬೈಟ್, ನಾಲ್ಕನೆಯದರಲ್ಲಿ ಅದರ ಎರಡರಷ್ಟು. ಝಿಯಾನ್ ಜೋಡಿಯಲ್ಲಿ ಇನ್ನೊಂದು ತೊಡಕಿದೆ: ಅರ್ಧ ಲೇನ್ ಒಂದು ಪ್ರೊಸೆಸರ್‌ಗೆ, ಅರ್ಧ ಇನ್ನೊಂದಕ್ಕೆ ಸೇರಿರುತ್ತವೆ. ಮೊದಲ ಪ್ರೊಸೆಸರ್‌ನಲ್ಲಿ ಓಡುವ ಕೆಲಸ ಎರಡನೆಯದಕ್ಕೆ ಜೋಡಿಸಿದ ಡಿಸ್ಕಿನಿಂದ ಓದಬೇಕಾದರೆ ಎರಡರ ನಡುವಿನ ಕೊಂಡಿಯನ್ನು ದಾಟಿಯೇ ಹೋಗಬೇಕು. ಒಂದೇ ಸಾಕೆಟ್‌ನ ಸರ್ವರ್‌ಗೆ ಆ ತೊಂದರೆಯೇ ಇಲ್ಲ.

ಈ ಲೇನ್‌ಗಳ ಮಹತ್ವ ಕಾಗದದ ಮೇಲಿನದಷ್ಟೇ ಅಲ್ಲ ಎನ್ನುವುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿ ಇದೆ. ಎನ್‌ವಿಡಿಯಾ 2020ರಲ್ಲಿ ಡಿಜಿಎಕ್ಸ್ ಎ100 ಎಂಬ ಯಂತ್ರ ಮಾಡಿದಾಗ, ಅದರೊಳಗಿನ ಎಂಟು ಜಿಪಿಯುಗಳಿಗೆ ಡೇಟಾ ಉಣಿಸಲು ಎರಡು ಎಪಿಕ್ 7742 ಹಾಕಿತು. ಅದರ ಹಿಂದಿನ ಡಿಜಿಎಕ್ಸ್-2ರಲ್ಲಿ ಇದ್ದದ್ದು ಝಿಯಾನ್. ನಾಲ್ಕನೇ ತಲೆಮಾರಿನ ಪಿಸಿಐಇ ಆಗ ಝಿಯಾನ್‌ನಲ್ಲಿ ಇರಲಿಲ್ಲ. ಪುಣೆಯ ಸಿ-ಡ್ಯಾಕ್‌ನ ಪರಮ್ ಸಿದ್ಧಿ ಎಐ ಸೂಪರ್‌ಕಂಪ್ಯೂಟರ್ ಇದೇ ಡಿಜಿಎಕ್ಸ್ ಎ100 ಯಂತ್ರಗಳಿಂದ ಆದದ್ದು, 2020ರ ನವೆಂಬರ್‌ನಲ್ಲಿ ಪ್ರಪಂಚದ ಅಗ್ರ 500ರ ಪಟ್ಟಿಯಲ್ಲಿ ಅದಕ್ಕೆ 63ನೇ ಸ್ಥಾನ ಸಿಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗದಲ್ಲಿ ಇರುವುದು ನಿಮ್ಮ 8280ರ ಕುಟುಂಬದ್ದೇ, ಕ್ಯಾಸ್ಕೇಡ್ ಲೇಕ್ ಝಿಯಾನ್‌ಗಳು. ಎರಡೂ ಯಂತ್ರಗಳು ದೇಶದ ಗಂಭೀರ ವಿಜ್ಞಾನಕ್ಕೆ ದುಡಿಯುತ್ತಿವೆ. ಹಾಗಾಗಿ ನಿಮ್ಮ ಎರಡು ಕೊಟೇಶನ್‌ಗಳಲ್ಲಿ ಒಂದು ಕೆಟ್ಟದ್ದು, ಒಂದು ಒಳ್ಳೆಯದು ಎಂದು ಯಾರಾದರೂ ಒಂದೇ ಮಾತಲ್ಲಿ ಹೇಳಿದರೆ ಒಪ್ಪಬೇಡಿ.

ಸಿಮ್ಯುಲೇಶನ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಗಾಳಿ, ನೀರಿನ ಹರಿವಿನ ಲೆಕ್ಕ ಮಾಡುವ ಓಪನ್‌ಫೋಮ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ಕೋರ್‌ಗಳು ಬಹುಪಾಲು ಸಮಯ ಮೆಮೊರಿಯಿಂದ ಅಂಕಿಗಳು ಬರುವುದನ್ನೇ ಕಾಯುತ್ತಿರುತ್ತವೆ. ಆದ್ದರಿಂದ ಮೆಮೊರಿಯ ದಾರಿ ಎಷ್ಟು ಅಗಲ ಎಂಬುದೇ ವೇಗವನ್ನು ನಿರ್ಧರಿಸುತ್ತದೆ. 7742ಕ್ಕೆ 3200 ವೇಗದ ಡಿಡಿಆರ್4 ಮೆಮೊರಿಯ ಎಂಟು ಚಾನೆಲ್, ಲೆಕ್ಕ ಹಾಕಿದರೆ ಸೆಕೆಂಡಿಗೆ 204.8 ಗಿಗಾಬೈಟ್. 8280ಕ್ಕೆ 2933 ವೇಗದ ಆರು ಚಾನೆಲ್, ಅಂದರೆ 140.8. ಇಷ್ಟು ನೋಡಿ ಎಪಿಕ್ ಗೆದ್ದಿತು ಎಂದು ಬರೆಯುವವರು ಬಹಳ. ಈ ಅಗಲವನ್ನು ಕೋರ್‌ಗಳಿಗೆ ಹಂಚಿ ನೋಡಿ: ಎಪಿಕ್‌ನ ಒಂದು ಕೋರ್‌ಗೆ 3.2 ಗಿಗಾಬೈಟ್, ಝಿಯಾನ್‌ನ ಒಂದು ಕೋರ್‌ಗೆ 5. ಮತ್ತೆ, ನಿಮ್ಮಲ್ಲಿ ಝಿಯಾನ್ ಎರಡಿವೆ. ಒಟ್ಟು 281.6 ಗಿಗಾಬೈಟ್, ಎಪಿಕ್‌ಗಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು. ಅರವತ್ತನಾಲ್ಕು ಕೋರ್ ಇದ್ದರೂ ಹರಿವಿನ ಲೆಕ್ಕದಲ್ಲಿ ಎಪಿಕ್ ಮೂವತ್ತು ಚಿಲ್ಲರೆ ಕೋರ್ ದಾಟಿದ ಮೇಲೆ ಹೆಚ್ಚು ವೇಗ ಕೊಡದಿದ್ದರೆ ಆಶ್ಚರ್ಯಪಡಬೇಡಿ, ಮೆಮೊರಿಯ ದಾರಿ ತುಂಬಿಹೋಗಿರುತ್ತದೆ.

ಸೇತುವೆ, ಯಂತ್ರಭಾಗಗಳ ಬಲ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳ ಕಥೆ ಇನ್ನೊಂದು. ಅವುಗಳ ಒಳಗೆ ದೊಡ್ಡ ದೊಡ್ಡ ಮ್ಯಾಟ್ರಿಕ್ಸ್ ಗುಣಾಕಾರ ನಡೆಯುತ್ತದೆ. ಅಲ್ಲಿ ಝಿಯಾನ್‌ನ ಎವಿಎಕ್ಸ್-512 ಎಂಬ ಸೌಲಭ್ಯ ಕೆಲಸಕ್ಕೆ ಬರುತ್ತದೆ: ಒಂದೇ ಸೂಚನೆಯಲ್ಲಿ ಎಂಟು ದೊಡ್ಡ ದಶಮಾಂಶ ಸಂಖ್ಯೆಗಳ ಮೇಲೆ ಲೆಕ್ಕ ಮಾಡುತ್ತದೆ. 7742ರಲ್ಲಿ ಅದು ಇಲ್ಲ, ಅಲ್ಲಿ ಒಮ್ಮೆಗೆ ನಾಲ್ಕು. ಎಎಂಡಿಗೆ ಎವಿಎಕ್ಸ್-512 ಬಂದದ್ದು 2022ರ ನವೆಂಬರ್‌ನ ನಾಲ್ಕನೇ ತಲೆಮಾರಿನ ಎಪಿಕ್‌ನಲ್ಲಿ. ಕಾಗದದ ಲೆಕ್ಕದಲ್ಲಿ, ಮೂಲ ವೇಗವನ್ನೇ ಹಿಡಿದರೆ, 64 ಕೋರ್‌ನ ಎಪಿಕ್ ಸೆಕೆಂಡಿಗೆ 2,304 ಗಿಗಾಫ್ಲಾಪ್, 28 ಕೋರ್‌ನ ಒಂದೇ ಝಿಯಾನ್ 2,419. ಅರ್ಧಕ್ಕಿಂತ ಕಡಿಮೆ ಕೋರ್ ಇಟ್ಟುಕೊಂಡು ಸರಿಸಮ. ವಾಸ್ತವದಲ್ಲಿ ಎವಿಎಕ್ಸ್-512 ಭರ್ತಿ ಓಡುವಾಗ ಶಾಖ ಏರಿ ಝಿಯಾನ್ ತನ್ನ ವೇಗವನ್ನು ಇಳಿಸಿಕೊಳ್ಳುತ್ತದೆ, ಆದ್ದರಿಂದ ಆ ಅಂಕಿ ಪೂರ್ತಿ ಕೈಗೆ ಸಿಗುವುದಿಲ್ಲ. ಇಳಿದ ಮೇಲೂ ಎರಡು ಝಿಯಾನ್‌ಗಳು ಸೇರಿ ಈ ಬಗೆಯ ಕೆಲಸದಲ್ಲಿ ಒಂದು ಎಪಿಕ್‌ನ ಮುಂದೆಯೇ ಇರುತ್ತವೆ.

ಇಲ್ಲೊಂದು ಹಳೆಯ ತಕರಾರನ್ನೂ ಹೇಳಬೇಕು. ಇಂಟೆಲ್‌ನ ಎಂಕೆಎಲ್ ಎಂಬ ಗಣಿತ ಲೈಬ್ರರಿ ಬಹಳ ಸಿಮ್ಯುಲೇಶನ್ ಸಾಫ್ಟ್‌ವೇರ್‌ಗಳ ಹೊಟ್ಟೆಯಲ್ಲಿದೆ. ಪ್ರೊಸೆಸರ್ ಯಾರದೆಂದು ನೋಡಿ, ಇಂಟೆಲ್‌ನದಲ್ಲದಿದ್ದರೆ ಅದು ನಿಧಾನದ ದಾರಿ ಹಿಡಿಯುತ್ತಿತ್ತು. ಬಳಕೆದಾರರು ಒಂದು ಗುಪ್ತ ಸೆಟ್ಟಿಂಗ್ ಬಳಸಿ ಅದನ್ನು ದಾಟುತ್ತಿದ್ದರು, 2020ರ ಆವೃತ್ತಿಯಲ್ಲಿ ಇಂಟೆಲ್ ಆ ಸೆಟ್ಟಿಂಗನ್ನೂ ತೆಗೆಯಿತು. ನಿಮ್ಮ ಮೆಕ್ಯಾನಿಕಲ್ ವಿಭಾಗದಲ್ಲಿ ಹಳೆಯ ಆವೃತ್ತಿಯ ಸಾಫ್ಟ್‌ವೇರ್ ಇದ್ದು ನೀವು ಎಪಿಕ್ ಆರಿಸಿದರೆ, ಅದು ಯಾವ ಗಣಿತ ಲೈಬ್ರರಿ ಬಳಸುತ್ತದೆ ಎಂದು ಮೊದಲೇ ವಿಚಾರಿಸಿ. ಓಪನ್‌ಬ್ಲಾಸ್‌ನಂಥ ಮುಕ್ತ ಲೈಬ್ರರಿ ಬಳಸುವಂತಿದ್ದರೆ ಚಿಂತೆಯಿಲ್ಲ.

ಕ್ಯಾಶ್ ಮೆಮೊರಿಯ ಅಂಕಿಯೂ ಕಣ್ಣು ಕುಕ್ಕುವಂಥದ್ದು. ಎಪಿಕ್‌ಗೆ 256 ಎಂಬಿ, ಝಿಯಾನ್‌ಗೆ 38.5. ಆದರೆ ಎಪಿಕ್‌ನ 256 ಎಂಬಿ ಒಂದೇ ಕಡೆ ಇಲ್ಲ, 16 ಎಂಬಿಯ ಹದಿನಾರು ಭಾಗಗಳಾಗಿ ಒಡೆದಿದೆ. ನಾಲ್ಕು ಕೋರ್‌ಗಳ ಪ್ರತಿ ಗುಂಪಿಗೆ ಒಂದು ಭಾಗ, ಆ ಕೋರ್‌ಗಳು ತುಂಬಿಸಿಕೊಳ್ಳಲಾಗುವುದು ಅದನ್ನು ಮಾತ್ರ. ಝಿಯಾನ್‌ನ 38.5 ಎಂಬಿ ಇಡೀ 28 ಕೋರ್‌ಗೂ ಸೇರಿದ್ದು. ಎಲ್ಲ ಕೋರ್‌ಗಳೂ ಒಂದೇ ಡೇಟಾವನ್ನು ಹಂಚಿಕೊಂಡು ತಿದ್ದುತ್ತಿರುವ ದೊಡ್ಡ ಡೇಟಾಬೇಸ್‌ಗೆ ಝಿಯಾನ್‌ನ ವ್ಯವಸ್ಥೆ ಒಗ್ಗುತ್ತದೆ. ಒಬ್ಬರ ಗೊಡವೆ ಒಬ್ಬರಿಗಿಲ್ಲದೆ ಓಡುವ ನಿಮ್ಮ ಲ್ಯಾಬಿನ ಚಿಕ್ಕ ವರ್ಚುವಲ್ ಮಷಿನ್‌ಗಳಿಗೆ ಎಪಿಕ್‌ನ ವ್ಯವಸ್ಥೆ ಹೇಳಿಮಾಡಿಸಿದ್ದು. ಒಂದು ಮಷಿನ್‌ಗೆ ನಾಲ್ಕು ಕೋರ್‌ವರೆಗೆ ಕೊಟ್ಟರೆ ಅದು ಒಂದೇ ಗುಂಪಿನೊಳಗೆ ಆರಾಮವಾಗಿ ಇರುತ್ತದೆ.

ಇನ್ನು ಫೀಸಿನ ಸಾಫ್ಟ್‌ವೇರ್. ಅದು ವಿಂಡೋಸ್ ಸರ್ವರ್ ಮತ್ತು ಎಸ್‌ಕ್ಯುಎಲ್ ಸರ್ವರ್ ಮೇಲೆ ಓಡುವಂಥದ್ದು ಎಂದು ಊಹಿಸುತ್ತೇನೆ, ಬಹುತೇಕ ಕಾಲೇಜುಗಳಲ್ಲಿ ಹಾಗೇ. ವಿಂಡೋಸ್ ಸರ್ವರ್ 2016ರಿಂದ ಕೋರ್ ಲೆಕ್ಕದಲ್ಲಿ ಲೈಸೆನ್ಸ್ ಕೊಡುತ್ತಿದ್ದಾರೆ. ಸಾಮಾನ್ಯ ಪದ್ಧತಿಯಲ್ಲಿ ಸರ್ವರ್‌ನಲ್ಲಿರುವ ಎಲ್ಲ ಕೋರ್‌ಗಳಿಗೂ ಕೊಡಬೇಕು, ಕನಿಷ್ಠ 16. ನೀವು ಒಂದೇ ಒಂದು ಚಿಕ್ಕ ವಿಂಡೋಸ್ ಮಷಿನ್ ಓಡಿಸಿದರೂ ಝಿಯಾನ್ ಜೋಡಿಗೆ 56 ಕೋರ್‌ನ, ಎಪಿಕ್‌ಗೆ 64 ಕೋರ್‌ನ ಲೈಸೆನ್ಸ್ ತೆರಬೇಕಾಗುತ್ತದೆ. ಐದಾರು ಗುಮಾಸ್ತರು ಬಳಸುವ ಫೀಸಿನ ಲೆಕ್ಕಕ್ಕೆ ಇದು ಶುದ್ಧ ದಂಡ. ಅದನ್ನು 16 ಕೋರ್ ಮೀರದ ಒಂದು ಬೇರೆ ಚಿಕ್ಕ ಸರ್ವರ್‌ನಲ್ಲಿ ಇಡಿ. ಎಪಿಕ್ 7302ಪಿ, ಝಿಯಾನ್ ಸಿಲ್ವರ್ 4216 ಎರಡೂ ಅದೇ ಕಾಲದ 16 ಕೋರ್‌ನವು, ಯಾವುದಾದರೂ ಧಾರಾಳ ಸಾಕು. ಪರೀಕ್ಷೆ ಮತ್ತು ಹಣದ ದಾಖಲೆಗಳು ವಿದ್ಯಾರ್ಥಿಗಳು ಪ್ರಯೋಗ ಮಾಡುವ ಯಂತ್ರದಿಂದ ದೂರ ಇರುವುದು ಸುರಕ್ಷತೆಗೂ ಒಳ್ಳೆಯದು.

ಲೈಸೆನ್ಸ್ ಲೆಕ್ಕ ಪ್ರೊಸೆಸರ್ ಬೆಲೆಯನ್ನು ಎಷ್ಟರಮಟ್ಟಿಗೆ ಮುಳುಗಿಸಿಬಿಡುತ್ತದೆ ಎಂಬುದಕ್ಕೆ ಒರಾಕಲ್ ಉದಾಹರಣೆ ನೋಡಿ. ಅದರ ಎಂಟರ್‌ಪ್ರೈಸ್ ಡೇಟಾಬೇಸ್‌ಗೆ ಪಟ್ಟಿಯ ಬೆಲೆ ಒಂದು ಲೈಸೆನ್ಸ್‌ಗೆ 47,500 ಡಾಲರ್, ಈ ಬಗೆಯ ಪ್ರೊಸೆಸರ್‌ಗಳಲ್ಲಿ ಎರಡು ಕೋರ್‌ಗೆ ಒಂದು ಲೈಸೆನ್ಸ್. ಒಂದು 8280ಕ್ಕೆ 14 ಲೈಸೆನ್ಸ್, ಅಂದರೆ 6,65,000 ಡಾಲರ್. 7742ಕ್ಕೆ 32 ಲೈಸೆನ್ಸ್, 15,20,000 ಡಾಲರ್. ಪ್ರೊಸೆಸರ್‌ನಲ್ಲಿ ಉಳಿಸಿದ ಮೂರು ಸಾವಿರ ಡಾಲರ್ ಈ ಲೆಕ್ಕದಲ್ಲಿ ಕಾಣುವುದೂ ಇಲ್ಲ. ಬ್ಯಾಂಕುಗಳು, ದೊಡ್ಡ ಕಾರ್ಖಾನೆಗಳು ಕಡಿಮೆ ಕೋರ್‌ನ, ಹೆಚ್ಚು ವೇಗದ ಪ್ರೊಸೆಸರ್‌ಗೆ ದುಪ್ಪಟ್ಟು ಕೊಟ್ಟಾದರೂ ಕೊಳ್ಳುವುದು ಇದಕ್ಕೇ. ಅಂಥವರಿಗೆಂದೇ ಎಎಂಡಿ 2020ರ ಏಪ್ರಿಲ್‌ನಲ್ಲಿ 7ಎಫ್52 ತಂದಿತು: ಬರೀ 16 ಕೋರ್, ಆದರೆ 256 ಎಂಬಿ ಕ್ಯಾಶ್ ಪೂರ್ತಿ, ಒಂದೊಂದು ಕೋರ್‌ಗೂ 16 ಎಂಬಿ. ವರ್ಚುವಲ್ ಮಷಿನ್‌ಗಳನ್ನು ಓಡಿಸುವ ಸಾಫ್ಟ್‌ವೇರ್ ಮಾರುವ ವಿಎಂವೇರ್ ಕೂಡ 2020ರ ಏಪ್ರಿಲ್‌ನಿಂದ ಒಂದು ಲೈಸೆನ್ಸ್‌ಗೆ 32 ಕೋರ್ ಎಂಬ ಮಿತಿ ಹಾಕಿತು. ಅಲ್ಲಿಯತನಕ 64 ಕೋರ್‌ನ ಪ್ರೊಸೆಸರ್‌ಗೂ ಒಂದೇ ಸಾಕಾಗುತ್ತಿತ್ತು. ನಿಮ್ಮ ಲ್ಯಾಬಿಗೆ ಅದೇ ಕೆಲಸ ಮಾಡುವ ಪ್ರಾಕ್ಸ್‌ಮಾಕ್ಸ್ ಬಳಸಿ. ಸಾಫ್ಟ್‌ವೇರ್ ಉಚಿತ, ಬೇಕಿದ್ದವರಿಗೆ ಮಾತ್ರ ಹಣ ಕೊಟ್ಟು ಪಡೆಯುವ ಬೆಂಬಲ, ಅದೂ ಸಾಕೆಟ್ ಲೆಕ್ಕದಲ್ಲಿ. ಒಂದೇ ಸಾಕೆಟ್‌ನ ಎಪಿಕ್‌ಗೆ ಅಲ್ಲೂ ಲಾಭ.

ಕೊಟೇಶನ್‌ನಲ್ಲಿ ಝಿಯಾನ್‌ನ ವೈಶಿಷ್ಟ್ಯ ಎಂದು ಆಪ್ಟೇನ್ ಮೆಮೊರಿ ಬೆಂಬಲವನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದರೆ ಅದಕ್ಕೆ ಬೆಲೆ ಕಟ್ಟಬೇಡಿ. ಕರೆಂಟ್ ಹೋದರೂ ಡೇಟಾ ಉಳಿಸಿಕೊಳ್ಳುವ ಆ ಮೆಮೊರಿ ನಿಜಕ್ಕೂ ಸೊಗಸಾದ ಕಲ್ಪನೆಯಾಗಿತ್ತು, ಆದರೆ 2022ರ ಜುಲೈನಲ್ಲಿ ಇಂಟೆಲ್ ಆ ವ್ಯವಹಾರವನ್ನೇ ಮುಚ್ಚುವುದಾಗಿ ಘೋಷಿಸಿತು. ಎಂಟು ಪ್ರೊಸೆಸರ್‌ಗಳನ್ನು ಒಂದೇ ಯಂತ್ರದಲ್ಲಿ ಜೋಡಿಸುವ 8280ರ ಸಾಮರ್ಥ್ಯವೂ ನಿಮಗೆ ಬೇಡದ್ದು. ಎಪಿಕ್ ಕಡೆ ನಿಮಗೆ ಉಪಯೋಗವಾಗುವ ವೈಶಿಷ್ಟ್ಯ ಎಂದರೆ ಒಂದೊಂದು ವರ್ಚುವಲ್ ಮಷಿನ್‌ನ ಮೆಮೊರಿಯನ್ನೂ ಬೇರೆ ಬೇರೆ ಕೀಲಿಯಿಂದ ಗೂಢಲಿಪಿ ಮಾಡುವ ವ್ಯವಸ್ಥೆ. ಕಾಲೇಜಿಗೆ ಇದು ಅನಿವಾರ್ಯವಲ್ಲ, ಆಸ್ಪತ್ರೆಯಾಗಿದ್ದರೆ ನಾನು ಒತ್ತಿ ಹೇಳುತ್ತಿದ್ದೆ.

ನಿಮ್ಮಲ್ಲಿ ಈಗಾಗಲೇ ಇಂಟೆಲ್ ಸರ್ವರ್‌ಗಳಿದ್ದು, ಓಡುತ್ತಿರುವ ವರ್ಚುವಲ್ ಮಷಿನ್ ಅನ್ನು ನಿಲ್ಲಿಸದೆ ಒಂದರಿಂದ ಇನ್ನೊಂದಕ್ಕೆ ಸಾಗಿಸುವ ಅಭ್ಯಾಸವಿದ್ದರೆ ಎಪಿಕ್ ಬಂದಾಗ ಅದು ತಪ್ಪಿಹೋಗುತ್ತದೆ. ಇಂಟೆಲ್‌ನಿಂದ ಎಎಂಡಿಗೆ ಸಾಗಿಸಲು ಮಷಿನ್ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಕಾಲೇಜಿನಲ್ಲಿ ರಾತ್ರಿ ಹೊತ್ತು ನಿಲ್ಲಿಸಲು ಅಡ್ಡಿಯೇನೂ ಇರಲಾರದು.

ಹಾಗಾದರೆ ತೀರ್ಮಾನ ಹೇಗೆ? ಮೆಕ್ಯಾನಿಕಲ್ ವಿಭಾಗದವರನ್ನು ಎರಡು ಪ್ರಶ್ನೆ ಕೇಳಿ. ವಾರದಲ್ಲಿ ಎಷ್ಟು ಗಂಟೆ ಸಿಮ್ಯುಲೇಶನ್ ಓಡುತ್ತದೆ? ಅವರ ಸಾಫ್ಟ್‌ವೇರ್ ಲೈಸೆನ್ಸ್ ಎಷ್ಟು ಕೋರ್‌ಗೆ ಇದೆ? ಲೈಸೆನ್ಸ್ ನಾಲ್ಕೋ ಎಂಟೋ ಕೋರ್‌ಗೆ ಮಾತ್ರ ಇದ್ದರೆ ಮೆಮೊರಿ ಅಗಲದ ಈ ಚರ್ಚೆಯೆಲ್ಲ ಅನಗತ್ಯ. ಆಗ ಬೇಕಾದದ್ದು ಒಂದೊಂದು ಕೋರ್‌ನ ವೇಗ, ಗರಿಷ್ಠ 4.0 ಗಿಗಾಹರ್ಟ್ಜ್‌ನ ಝಿಯಾನ್ 3.4ರ ಎಪಿಕ್‌ಗಿಂತ ತುಸು ಮುಂದೆ ಇರುತ್ತದೆ. ಆ ತುಸುವಿಗಾಗಿ ವರ್ಷವಿಡೀ 185 ವಾಟ್ ಸುಡುವುದು ನನ್ನ ಪ್ರಕಾರ ಬೇಡ, ಎಪಿಕ್ ತೆಗೆದುಕೊಳ್ಳಿ. ಸಂಶೋಧನೆ ಮಾಡುವ ಅಧ್ಯಾಪಕರಿದ್ದು, ಹಗಲೂ ರಾತ್ರಿ ಎಲ್ಲ ಕೋರ್‌ಗಳ ಮೇಲೂ ಲೆಕ್ಕ ಓಡುವುದಾದರೆ ಝಿಯಾನ್ ಜೋಡಿಯನ್ನೇ ತೆಗೆದುಕೊಳ್ಳಿ, ಲ್ಯಾಬ್ ಅದರ ಮೇಲೂ ಓಡುತ್ತದೆ. ನಿಮ್ಮ ಪತ್ರದ ಧಾಟಿ ನೋಡಿದರೆ ಲ್ಯಾಬೇ ದೊಡ್ಡ ಕೆಲಸ, ಸಿಮ್ಯುಲೇಶನ್ ಆಗಾಗ. ಹಾಗಿದ್ದರೆ ನನ್ನ ಮತ ಎಪಿಕ್‌ಗೆ.

ಹಣ ಕೊಡುವ ಮುಂಚೆ ಕೆಲವು ತಪಾಸಣೆ ಆಗಲೇಬೇಕು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಾಗಲಿ ಬೇರೆಲ್ಲೇ ಆಗಲಿ, ಬಳಸಿದ ಸರ್ವರ್‌ಗಳನ್ನು ಬಹಳ ಸಲ ಎರಡೋ ನಾಲ್ಕೋ ಮೆಮೊರಿ ಕಡ್ಡಿ ಹಾಕಿ ಮಾರುತ್ತಾರೆ. ಎಪಿಕ್‌ನ ಎಂಟು ಚಾನೆಲ್‌ಗಳಲ್ಲಿ ನಾಲ್ಕೇ ತುಂಬಿದ್ದರೆ 204.8 ಗಿಗಾಬೈಟ್‌ನಲ್ಲಿ ಅರ್ಧ ಹೋಯಿತು. ಎಪಿಕ್‌ಗೆ ಒಂದೇ ಅಳತೆಯ ಎಂಟು ಕಡ್ಡಿ, ಝಿಯಾನ್ ಜೋಡಿಗೆ ಹನ್ನೆರಡು ಎಂದು ಕೊಟೇಶನ್‌ನಲ್ಲೇ ಬರೆಸಿ. 256 ಗಿಗಾಬೈಟ್ ಬೇಕಿದ್ದರೆ 64ರ ನಾಲ್ಕು ಬೇಡ, 32ರ ಎಂಟು ಕೇಳಿ.

ಎಪಿಕ್‌ಗೆ ಮಾತ್ರ ಸಂಬಂಧಿಸಿದ ಒಂದು ಅಪಾಯವಿದೆ. ಕೆಲವು ಕಂಪನಿಗಳ ಸರ್ವರ್‌ಗಳಲ್ಲಿ ಪ್ರೊಸೆಸರ್ ಮೊದಲ ಸಲ ಚಾಲೂ ಆದಾಗಲೇ ಆ ಕಂಪನಿಯ ಬೋರ್ಡಿಗೆ ಶಾಶ್ವತವಾಗಿ ಕಟ್ಟಿಹಾಕಲ್ಪಡುತ್ತದೆ. ಸುರಕ್ಷತೆಗೆಂದು ಮಾಡಿದ ವ್ಯವಸ್ಥೆ ಅದು. ಆಮೇಲೆ ಆ ಪ್ರೊಸೆಸರ್ ಬೇರೆ ಕಂಪನಿಯ ಬೋರ್ಡಿನಲ್ಲಿ ಏಳುವುದೇ ಇಲ್ಲ, ಬಿಡಿಸಲು ದಾರಿಯೂ ಇಲ್ಲ. ಆದ್ದರಿಂದ ಪ್ರೊಸೆಸರ್, ಬೋರ್ಡ್ ಬೇರೆ ಬೇರೆ ಕಡೆಯಿಂದ ತಂದು ಜೋಡಿಸಿದ್ದರೆ ನಿಮ್ಮ ಕಣ್ಣೆದುರೇ ಚಾಲೂ ಮಾಡಿಸಿ, ಬೋರ್ಡ್ ಕೆಟ್ಟರೆ ಅದೇ ಕಂಪನಿಯದು ಬೇಕಾಗುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ. ಇದೇ ಪೀಳಿಗೆಯ ಎಪಿಕ್‌ಗಳಲ್ಲಿ ಇನ್ನೊಂದು ದೋಷ 2023ರಲ್ಲಿ ಬೆಳಕಿಗೆ ಬಂತು: ಮರುಚಾಲನೆ ಮಾಡದೆ ಸುಮಾರು 1,044 ದಿನ ಓಡಿಸಿದರೆ, ನಿದ್ದೆಯ ಸ್ಥಿತಿಗೆ ಹೋದ ಕೋರ್ ಮತ್ತೆ ಎಚ್ಚರವಾಗದೆ ನಿಂತುಬಿಡಬಹುದು. ಪ್ರತಿ ರಜೆಯಲ್ಲಿ ಒಮ್ಮೆ ಸರ್ವರ್ ಆಫ್ ಮಾಡಿ ಆನ್ ಮಾಡಿದರೆ ಇದು ನಿಮ್ಮ ಹತ್ತಿರವೂ ಸುಳಿಯುವುದಿಲ್ಲ.

ಕೊನೆಯದಾಗಿ ಮುಂದಿನ ದಾರಿ. ಝಿಯಾನ್ 8280 ಕೂರುವ ಸಾಕೆಟ್‌ಗೆ ಅದೇ ಕೊನೆಯ ತಲೆಮಾರು. 2021ರಲ್ಲಿ ಬಂದ 40 ಕೋರ್‌ನ 8380ಕ್ಕೆ ಇಂಟೆಲ್ ಬೇರೆ ಸಾಕೆಟ್ ಮಾಡಿತು. ಎಪಿಕ್ 7742ರ ಸಾಕೆಟ್‌ನಲ್ಲಿ 2021ರ ಮೂರನೇ ತಲೆಮಾರಿನ 7003 ಸರಣಿಯೂ ಕೂರುತ್ತದೆ, ಅದರಲ್ಲಿ ಎಂಟು ಕೋರ್‌ಗಳಿಗೆ 32 ಎಂಬಿ ಕ್ಯಾಶ್ ಒಟ್ಟಾಗಿ ಸಿಗುವಂತೆ ತಿದ್ದಿದ್ದಾರೆ. ಆದರೆ ಎಲ್ಲ ಬೋರ್ಡುಗಳೂ ಇದಕ್ಕೆ ಒಗ್ಗುವುದಿಲ್ಲ. 2017ರ ಮೊದಲ ತಲೆಮಾರಿಗೆಂದು ಮಾಡಿದ ಹಳೆಯ ಬೋರ್ಡಿನಲ್ಲಿ 7742 ಕೂರಿಸಿದ್ದರೆ ನಾಲ್ಕನೇ ತಲೆಮಾರಿನ ಪಿಸಿಐಇ ಕೂಡ ಸಿಗುವುದಿಲ್ಲ, ನಾನು ಮೇಲೆ ಹೇಳಿದ ಡಿಸ್ಕ್ ವೇಗದ ಲಾಭ ಅಲ್ಲಿಗೆ ಮುಗಿಯಿತು. ಮಾರುವವರಿಂದ ಬೋರ್ಡಿನ ಮಾದರಿ ಸಂಖ್ಯೆ ಮತ್ತು ಬಯೋಸ್ ಆವೃತ್ತಿಯನ್ನು ಬರೆದುಕೊಡಲು ಹೇಳಿ, ತಯಾರಕರ ಪಟ್ಟಿಯಲ್ಲಿ 7003 ಸರಣಿಯ ಹೆಸರಿದೆಯೇ ಎಂದು ನೋಡಿ ಆಮೇಲೆ ಮುಂಗಡ ಕೊಡಿ.